ಅಮೆರಿಕದ ಪ್ರೈಮರಿ: ಹಿಂದೆ ಬಿದ್ದವರ ದಾರಿ ಮುಚ್ಚಿತು ಅನ್ನೋದು ಯಾವಾಗ?

ಪ್ರಶ್ನೆ:
2016ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ರಾಜ್ಯವಾರು ಚುನಾವಣೆಗಳಲ್ಲಿ (ಪ್ರೈಮರಿ), ಮೇ 3ರಂದು ಇಂಡಿಯಾನಾ ಸೋತ ರಾತ್ರಿಯೇ ಟೆಡ್ ಕ್ರೂಜ್ ಕಣ ಬಿಟ್ಟರು. ಆಗ ಟ್ರಂಪ್‌ಗೂ ಬಹುಮತದ 1,237 ಡೆಲಿಗೇಟ್‌ಗಳು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಆಗಿರಲಿಲ್ಲ, ಕ್ಯಾಲಿಫೋರ್ನಿಯಾದ 172 ಬಾಕಿ ಇತ್ತು. ಹಾಗಾದರೆ ಅಷ್ಟು ಬೇಗ ಕೈಬಿಟ್ಟಿದ್ದು ಯಾವ ಲೆಕ್ಕದಲ್ಲಿ?

ಉತ್ತರ 1:
ಕ್ರೂಜ್ ತಾವೇ 1,237 ಮುಟ್ಟುವ ದಾರಿ ಏಪ್ರಿಲ್ 19ರ ನ್ಯೂಯಾರ್ಕ್ ಫಲಿತಾಂಶಕ್ಕೇ ಮುಚ್ಚಿತ್ತು. ಬಾಕಿ ಇದ್ದ ಡೆಲಿಗೇಟ್‌ಗಳೆಲ್ಲ ಸಿಕ್ಕರೂ ಸಾಲುತ್ತಿರಲಿಲ್ಲ. ಆಮೇಲೆ ಉಳಿದದ್ದು ಟ್ರಂಪ್‌ರನ್ನು 1,237ರ ಕೆಳಗೆ ತಡೆಯೋದು ಮಾತ್ರ. ಸಮಾವೇಶದ ಮೊದಲ ಸುತ್ತಿನ ಮತದಾನದಲ್ಲಿ ಹೆಚ್ಚಿನ ಡೆಲಿಗೇಟ್‌ಗಳು ಪ್ರೈಮರಿ ಫಲಿತಾಂಶಕ್ಕೆ ಬದ್ಧರು; ಯಾರಿಗೂ ಬಹುಮತ ಬರದಿದ್ದರೆ ಮುಂದಿನ ಸುತ್ತುಗಳಲ್ಲಿ ಅವರ ಕಟ್ಟು ಬಿಚ್ಚುತ್ತೆ. ಅದಕ್ಕೇ ಕ್ರೂಜ್ ತಂಡ ರಾಜ್ಯಗಳ ಸಮಾವೇಶಗಳಲ್ಲಿ ತಮ್ಮವರನ್ನೇ ಡೆಲಿಗೇಟ್ ಮಾಡಿಸ್ತಾ ಇತ್ತು. ಇಂಡಿಯಾನಾದ 57ರಲ್ಲಿ 30 ರಾಜ್ಯ ಗೆದ್ದವರಿಗೆ, 27 ಒಂಬತ್ತು ಜಿಲ್ಲೆಗಳಲ್ಲಿ ತಲಾ ಮೂರರಂತೆ. ಟ್ರಂಪ್ ಐವತ್ತೇಳನ್ನೂ ಬಾಚಿಕೊಂಡರು. ತಡೆಯುವ ಲೆಕ್ಕವೂ ಅಲ್ಲಿಗೆ ಕೆಟ್ಟಿತು.

ಉತ್ತರ 2:
ಡೆಮಾಕ್ರಟಿಕ್ ಪಕ್ಷದಲ್ಲಿ ದಾರಿ ಇನ್ನೂ ಬೇಗ ಮುಚ್ಚುತ್ತೆ, ಆದರೆ ಕಣ್ಣಿಗೆ ಕಾಣೋದು ತಡ. ಶೇ. 15 ದಾಟಿದವರಿಗೆಲ್ಲ ಮತದ ಪ್ರಮಾಣದಲ್ಲೇ ಹಂಚಿಕೆ. ನೀವು 300 ಹಿಂದಿದ್ದು 1,000 ಬಾಕಿ ಇದ್ದರೆ ಸಮ ಆಗೋಕೇ 650–350 ಗೆಲ್ಲಬೇಕು. ನಾಲ್ಕು ಡೆಲಿಗೇಟ್‌ಗಳ ಜಿಲ್ಲೆಯಲ್ಲಂತೂ ಇಬ್ಬರೇ ಇದ್ದಾಗ 60–40 ಗೆದ್ದರೂ ಹಂಚಿಕೆ 2–2. 3–1 ಆಗಬೇಕಾದರೆ ಶೇ. 62.5 ದಾಟಬೇಕು. 2008ರಲ್ಲಿ ಹಿಲರಿ ಕ್ಲಿಂಟನ್ ಪೆನ್ಸಿಲ್ವೇನಿಯಾವನ್ನು ಶೇ. 9ರಷ್ಟು ಅಂತರದಲ್ಲಿ ಗೆದ್ದರು, ಸಿಕ್ಕಿದ್ದು 85–73. ಬರೀ 12ರ ಲಾಭ! ಪತ್ರಿಕೆಗಳು ದೊಡ್ಡ ಗೆಲುವು ಅಂತ ಬರೆಯುವಾಗ ನೋಡಬೇಕಾದದ್ದು ಈ ಅಂಕಿಯನ್ನು.

ಪ್ರಶ್ನೆ ಕೇಳಿದವರು:
ಸೂಪರ್‌ಡೆಲಿಗೇಟ್‌ಗಳು (ಪ್ರೈಮರಿ ಫಲಿತಾಂಶಕ್ಕೆ ಬದ್ಧರಲ್ಲದ ಪಕ್ಷದ ನಾಯಕರು) ಕೈ ಹಿಡಿದರೆ?

ಉತ್ತರ 2:
2008ರಲ್ಲಿ ಕ್ಲಿಂಟನ್ ನಂಬಿದ್ದೂ ಅವರನ್ನೇ. ಅವರು ಒಬಾಮಾ ಕಡೆ ವಾಲಿದ ಮೇಲೆ ಜೂನ್ 7ಕ್ಕೆ ಕ್ಲಿಂಟನ್ ಪ್ರಚಾರ ನಿಲ್ಲಿಸಿದರು. 2018ರಲ್ಲಿ ನಿಯಮ ಬದಲಾಯಿತು: ಫಲಿತಾಂಶ ಮೊದಲೇ ಖಚಿತವಾಗಿದ್ದರೆ ಬಿಟ್ಟು, ಮೊದಲ ಸುತ್ತಲ್ಲಿ ಅವರಿಗೆ ಮತವಿಲ್ಲ.

ಉತ್ತರ 3:
ಒಂದು ಸೇರಿಸ್ತೀನಿ. ದಾರಿ ಮುಚ್ಚಿದ ಮೇಲೂ ಡೆಲಿಗೇಟ್‌ಗಳಿಗೆ ಬೆಲೆ ಇದೆ. 2020ರ ಏಪ್ರಿಲ್ 8ರಂದು ಬರ್ನಿ ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದರೂ ಉಳಿದ ರಾಜ್ಯಗಳ ಮತಪತ್ರದಲ್ಲಿ ಹೆಸರು ಇಟ್ಟುಕೊಂಡರು. ಪಕ್ಷದ ಪ್ರಣಾಳಿಕೆ, ನಿಯಮಗಳ ಚರ್ಚೆಯಲ್ಲಿ ತಮ್ಮವರ ಸಂಖ್ಯೆ ಹೆಚ್ಚಿರಲಿ ಅನ್ನೋದು ಅವರ ಉದ್ದೇಶ.