ಅಪ್‌ಡೇಟ್: ಹಾಕ್ಕೊಳ್ಳೋ ಕ್ವಿಲ್ಟ್ ತಗೊಂಡೆ

ಪಫಿ ಜಾಕೆಟ್ (ಒಳಗೆ ತುಂಬಿ ಉಬ್ಬಿಸಿರೋ ಬೆಚ್ಚನೆ ಜಾಕೆಟ್) ಬಿಟ್ಟು, ರಾತ್ರಿ ಹೊದೆಯೋ ಕ್ವಿಲ್ಟನ್ನೇ, ಅಂದ್ರೆ ಹಗುರವಾದ ರಜಾಯಿನೇ, ಕ್ಯಾಂಪಲ್ಲಿ ಹಾಕ್ಕೊಂಡು ಕೂರಬಹುದಾ ಅಂತ ಕೇಳಿದ್ನಲ್ಲ, ಅದನ್ನ ನೋಡೇಬಿಡೋಣ ಅಂತ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಲ್ಲಿರೋ ಟೂಅಲಮಿ ಮೆಡೋಸ್ ಕಡೆ ಹೋಗ್ಬಂದೆ. ಕೂರಬಹುದು, ಕೆಲಸ ಮಾಡೋಕಾಗಲ್ಲ.

ನಿಮ್ಮಲ್ಲಿ ಕೆಲವ್ರು ಹೇಳಿದ್ದ ಆರ್ಮಿ ಪಾಂಚೋ ಲೈನರ್ (ತಲೆ ಮೇಲಿಂದ ಹಾಕ್ಕೊಳ್ಳೋ ಮಳೆ ಹೊದಿಕೆ ಪಾಂಚೋದ ಒಳಗೆ ಕಟ್ಟೋ ತೆಳು ರಜಾಯಿ), ಅದೇ ವಿಯೆಟ್ನಾಂ ಯುದ್ಧದ ಕಾಲದ್ದು, ಅಮೆರಿಕನ್ ಸೈನಿಕರು ವೂಬಿ ಅಂತಾರಲ್ಲ, ಫ್ರೆಂಡ್ ಹತ್ರ ಇತ್ತು. ಪಾಂಚೋಗೆ ಕಟ್ಟೋಕೆ ಸುತ್ತ ದಾರ ಇದೆ, ಪಾಲಿಯೆಸ್ಟರ್ ಆದ್ರಿಂದ ಒದ್ದೆ ಆದ್ರೂ ತಲೆನೋವಿಲ್ಲ, ಆದ್ರೆ ಅರ್ಧ ಕೆಜಿಗಿಂತ ಜಾಸ್ತಿ ತೂಗತ್ತೆ, ಅಷ್ಟು ಹೊತ್ಕೊಂಡು ಹೋದ್ರೂ 8,600 ಅಡಿ ಎತ್ತರದಲ್ಲಿ ಸೆಪ್ಟೆಂಬರ್ ರಾತ್ರಿಗೆ ಏನೇನೂ ಸಾಲಲ್ಲ.

ಕೊನೆಗೆ ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ತುಂಬಿದ ಕ್ವಿಲ್ಟೇ ತಗೊಂಡೆ, ಮಧ್ಯದಲ್ಲಿ ತಲೆ ತೂರ್ಸೋಕೆ ಸೀಳು, ಅದಕ್ಕೆ ವೆಲ್ಕ್ರೋ. ಹಾಕ್ಕೊಂಡ್ರೆ ಥೇಟ್ ಮಠದ ಸ್ವಾಮಿಗಳ ಥರ ಅಂತ ನನ್ನ ಹೆಂಡ್ತಿ ನಕ್ಕಿದ್ದೇ ನಕ್ಕಿದ್ದು. ಬೆಚ್ಚಗಂತೂ ಇತ್ತು, ಆದ್ರೆ ಸ್ಟವ್ ಹಚ್ಚೋಕೆ ಕೈ ಹೊರಗೆ ತೆಗೆದ ತಕ್ಷಣ ಎರಡೂ ಪಕ್ಕದಿಂದ ಗಾಳಿ ನುಗ್ಗತ್ತೆ, ಬಗ್ಗಿದ್ರೆ ಅಂಚು ಬೆಂಕಿ ಹತ್ರಾನೇ ಜೋತಾಡತ್ತೆ, ಆ ತೆಳು ನೈಲಾನ್‌ಗೆ ಒಂದು ಕಿಡಿ ಸಾಕು. ಸೊಂಟಕ್ಕೊಂದು ಎಲಾಸ್ಟಿಕ್ ದಾರ ಕಟ್ಟಿದ್ಮೇಲೆ ಪರವಾಗಿಲ್ಲ ಅನ್ನಿಸ್ತು. ಮಲಗೋವಾಗ ವೆಲ್ಕ್ರೋ ಪೂರ್ತಿ ಒತ್ತಿ ನೋಡ್ಕೊಳ್ಳಿ, ಇಲ್ಲಾಂದ್ರೆ ಸರಿಯಾಗಿ ಎದೆ ಮೇಲೇ ಚಳಿ.

ಪಫಿ ಜಾಕೆಟ್ ಹೊರೋದು ಉಳೀತು, ಆದ್ರೆ ಬೆಳಗ್ಗೆ ಟೆಂಟ್ ಬಿಚ್ಚೋಕೆ ತೆಳು ಫ್ಲೀಸ್ (ಉಣ್ಣೆ ಥರದ ಮೆತ್ತನೆ ಸ್ವೆಟರ್) ಮಾತ್ರ ಬೇಕೇ ಬೇಕು, ಅದನ್ನ ನಾನು ಬಿಡಲ್ಲ.