ನ್ಯೂಜೆರ್ಸಿ: ಹಳದಿ ಹೂವಿನ ಈ ಐದೆಲೆ ಗಿಡ ಯಾವುದು?

ಕಾಡಂಚು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನ್ಯೂಜೆರ್ಸಿಯ ಮಧ್ಯಭಾಗದಲ್ಲಿದೆ. ಹಿತ್ತಲಿಗೆ ಅಂಟಿಕೊಂಡೇ ಓಕ್ ಮರಗಳ ಸಣ್ಣ ಕಾಡು. ಹುಲ್ಲು ಮುಗಿದು ಕಾಡು ಶುರುವಾಗುವ ಕಡೆ ಮಣ್ಣು ಒಣಕಲು, ಮರಳು ಜಾಸ್ತಿ. ಅಲ್ಲಿ ಮೇ ತಿಂಗಳಲ್ಲಿ ಒಂದು ಪುಟ್ಟ ಹಳದಿ ಹೂವು ಅರಳುತ್ತದೆ. ಐದು ಎಸಳು, ಅಗಲ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದೊಂದು ಉದ್ದ ತೊಟ್ಟಿನಲ್ಲಿ ಒಂದೊಂದೇ ಹೂವು. ಕಾಂಡ ದಾರದಷ್ಟು ಸಣ್ಣ, ಸ್ವಲ್ಪ ಕೆಂಪು. ಮೊದಲು ನೆಟ್ಟಗೆ ನಿಂತು ಆಮೇಲೆ ಬಾಗುತ್ತದೆ.

ಫೋನಿನ ಆ್ಯಪ್‌ಗೆ ತೋರಿಸಿದರೆ ಒಮ್ಮೆ ಪೊಟೆಂಟಿಲಾ ಸಿಂಪ್ಲೆಕ್ಸ್ ಅನ್ನುತ್ತದೆ. ಅದೇ ಗಿಡದ ಪಕ್ಕದ ಫೋಟೋ ಹಾಕಿದರೆ ಪೊಟೆಂಟಿಲಾ ಕೆನಡೆನ್ಸಿಸ್ ಅನ್ನುತ್ತದೆ. ಇಲ್ಲಿನ ಕಾಡುಗಿಡಗಳ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಹೆಸರು ಸರಿಯಾಗಿರಬೇಕು ಅನ್ನೋದು ನನ್ನ ಆಸೆ. ಬೇರು ನೋಡಲು ಒಂದನ್ನು ಕೀಳಬೇಕಾ?

ಊಟಿಚಳಿ:
ಅಕ್ಕಾ, ಎಲೆ ಐದೇ ತಾನೇ? ಮೂರಿದ್ದರೆ ಅದು ಪೊಟೆಂಟಿಲಾ ಇಂಡಿಕಾ, ಹುಸಿ ಸ್ಟ್ರಾಬೆರಿ. ನೀಲಗಿರಿಯಲ್ಲಿ ದಾರಿ ಬದಿಯಲ್ಲೇ ಸಿಗುತ್ತದೆ. ಅದರದ್ದೂ ಹಳದಿ ಹೂವೇ. ಹಣ್ಣು ನೋಡೋಕೆ ಕೆಂಪಗೆ ಚೆಂದ, ಬಾಯಿಗಿಟ್ಟರೆ ರುಚಿಯೇ ಇಲ್ಲ. ಏಷ್ಯಾದಿಂದ ಬಂದ ಗಿಡ, ಈಗ ಅಮೆರಿಕದ ಲಾನುಗಳಲ್ಲೂ ಹಬ್ಬಿದೆ.

ಕಾಡಂಚು:
ಐದೇ. ಐದೂ ತೊಟ್ಟಿನ ತುದಿಯಲ್ಲಿ ಒಂದೇ ಕಡೆಯಿಂದ ಹೊರಟಿವೆ. ಕೆಂಪು ಹಣ್ಣು ಕಂಡಿಲ್ಲ.

ಓಕ್‌ನೆರಳು:
ಅಕ್ಕಾ, ದಯವಿಟ್ಟು ಕೀಳಬೇಡಿ. ಈ ಎರಡನ್ನೂ ಬೇರೆ ಮಾಡಲು ಮಂಡಿಯೂರಿ ಕೂತು ನೋಡಿದರೆ ಸಾಕು. ನಾನು ವರ್ಜೀನಿಯಾದಲ್ಲಿದ್ದೇನೆ, ಇಲ್ಲಿ ಎರಡೂ ಒಂದೇ ಕಾಲುದಾರಿಯಲ್ಲಿ ಸಿಗುತ್ತವೆ. ನಿಮ್ಮ ಆ್ಯಪ್ ಗೊಂದಲಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಎಲ್ಲರೂ ಹೂವಿನ ಫೋಟೋ ತೆಗೆಯುತ್ತಾರೆ, ಆದರೆ ಎರಡರ ಹೂವೂ ಒಂದೇ ಥರ. ಉತ್ತರ ಇರುವುದು ಹೂವು ಎಲ್ಲಿಂದ ಹುಟ್ಟಿದೆ ಅನ್ನುವುದರಲ್ಲಿ.

ಹೂವಿರುವ ಕಾಂಡವನ್ನು ಬುಡದಿಂದ ಮೇಲಕ್ಕೆ ಬೆರಳಲ್ಲಿ ಸವರಿಕೊಂಡು ಹೋಗಿ. ಚೆನ್ನಾಗಿ ಬೆಳೆದ ಎಲೆಗಳನ್ನು ಮಾತ್ರ ಎಣಿಸಿ (ಐದು ಕಿರುಎಲೆ ಸೇರಿ ಒಂದು ಎಲೆ). ಮೊದಲನೇ ಎಲೆಯ ಕಂಕುಳಲ್ಲೇ, ಅಂದರೆ ಎಲೆತೊಟ್ಟು ಕಾಂಡಕ್ಕೆ ಸೇರುವ ಕಡೆಯೇ, ಮೊದಲ ಹೂವು ಇದ್ದರೆ ಕೆನಡೆನ್ಸಿಸ್. ಮೊದಲನೆಯದರಲ್ಲಿ ಹೂವಿಲ್ಲದೆ ಎರಡನೇ ಎಲೆಯಿಂದ ಶುರುವಾಗಿದ್ದರೆ ಸಿಂಪ್ಲೆಕ್ಸ್. ಒಂದೇ ಕಾಂಡ ನೋಡಿ ತೀರ್ಮಾನ ಮಾಡಬೇಡಿ. ಕೆಳಗಿನ ಎಲೆಯನ್ನು ಜಿಂಕೆಯೋ ಮೊಲವೋ ತಿಂದಿದ್ದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ನಡುವಿನ ಕಿರುಎಲೆ ನೋಡಿ. ಕೆನಡೆನ್ಸಿಸ್‌ನಲ್ಲಿ ಗರಗಸದ ಹಲ್ಲುಗಳು ಮೇಲಿನ ಅರ್ಧದಲ್ಲಿ ಮಾತ್ರ. ಕೆಳಗಿನ ಅರ್ಧ ನುಣುಪು ಅಂಚಿನ ಬೆಣೆ, ತುದಿ ದುಂಡಗೆ. ಸಿಂಪ್ಲೆಕ್ಸ್‌ನಲ್ಲಿ ಎಲೆ ಉದ್ದ, ಹಲ್ಲುಗಳು ಸುಮಾರು ಮುಕ್ಕಾಲು ಭಾಗದವರೆಗೆ ಇಳಿದು ಬರುತ್ತವೆ. ಕೆನಡೆನ್ಸಿಸ್ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಎಳೆಯದಿದ್ದಾಗ ಬೆಳ್ಳಿಬಣ್ಣದ ರೋಮ ಜಾಸ್ತಿ. ಹೂವು ಬರುವುದೂ ಸ್ವಲ್ಪ ಮುಂಚೆ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೆನಡೆನ್ಸಿಸ್‌ಗೆ ಹೆಸರಿಟ್ಟ. ಸಿಂಪ್ಲೆಕ್ಸ್‌ಗೆ ಹೆಸರು ಬಂದಿದ್ದು 1803ರಲ್ಲಿ, ಫ್ರೆಂಚ್ ಸಸ್ಯವಿಜ್ಞಾನಿ ಮಿಶೋನಿಂದ. ಎರಡೂ ಪೂರ್ವ ಅಮೆರಿಕದ ಮೂಲ ಗಿಡಗಳೇ.

ಹುಲ್ಲುಹಾಸು:
ನಮ್ಮ ರಸ್ತೆ ಬದಿಯಲ್ಲಿ ಮಂಡಿಯೆತ್ತರದ್ದು ಒಂದಿದೆ. ತಿಳಿ ಹಳದಿ ಹೂವು, ಎಲೆ ಕೆಲವು ಕಡೆ ಏಳು. ಅದೂ ಇದೇನಾ?

ಓಕ್‌ನೆರಳು:
ಅಲ್ಲ, ಅದು ಪೊಟೆಂಟಿಲಾ ರೆಕ್ಟಾ ಇರಬೇಕು. ನೆಟ್ಟಗೆ ನಿಲ್ಲುತ್ತದೆ, ತುದಿಯಲ್ಲಿ ಗೊಂಚಲಾಗಿ ಹೂಬಿಡುತ್ತದೆ, ಬಳ್ಳಿ ಬಿಡುವುದಿಲ್ಲ. ಯುರೋಪಿನಿಂದ ಬಂದದ್ದು. ಮೊಂಟಾನಾದಂಥ ಪಶ್ಚಿಮದ ರಾಜ್ಯಗಳಲ್ಲಿ ಅದನ್ನು ಹಾನಿಕಾರಕ ಕಳೆ ಎಂದೇ ಪಟ್ಟಿ ಮಾಡಿದ್ದಾರೆ. ಅದನ್ನು ಕಿತ್ತರೆ ನನಗೆ ಬೇಜಾರಿಲ್ಲ.

ಆದರೆ ಅಕ್ಕನ ಗಿಡದ ವಿಷಯ ಬೇರೆ. ಅಪಲಾಚಿಯನ್ ಗ್ರಿಜಲ್ಡ್ ಸ್ಕಿಪ್ಪರ್ ಅಂತ ಗಾಢ ಬೂದು ರೆಕ್ಕೆಯ ಮೇಲೆ ಬಿಳಿ ಚುಕ್ಕೆಯಿರುವ ಪುಟ್ಟ ಚಿಟ್ಟೆ ಇದೆ. ಅದು ಮೊಟ್ಟೆಯಿಡುವುದು ಮುಖ್ಯವಾಗಿ ಕೆನಡೆನ್ಸಿಸ್ ಮೇಲೆ. ಬಿಸಿಲು ಬೀಳುವ ಬೋಳು ನೆಲದಲ್ಲಿ ಈ ಗಿಡ ಇರಬೇಕು, ಆಗಲೇ ಅದಕ್ಕೆ ಬದುಕು. ಈಗ ಆ ಚಿಟ್ಟೆ ತುಂಬ ಅಪರೂಪ. ಹಾಗಾಗಿ ಇಂಥ ಅಂಚುಗಳನ್ನು ಲಾನ್ ಮಾಡುವ ಮೊದಲು ಯಾವ ಗಿಡ ಇದೆ ಅಂತ ತಿಳಿದುಕೊಳ್ಳಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಬಾಸ್ಟನ್‌ಬೆಟ್ಟ:
ಕೀಳಬೇಡಿ ಅಂದಿದ್ದಕ್ಕೆ ನನ್ನದೂ ಒಂದು ಮಾತು. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ ಇದೇ ಕುಲದ ಪೊಟೆಂಟಿಲಾ ರಾಬಿನ್ಸಿಯಾನಾ ಇದೆ. ಕಲ್ಲುಗಳ ನಡುವೆ ನೆಲಕ್ಕೆ ಅಂಟಿದ ಪುಟಾಣಿ ಗಿಡ. ಚಾರಣಿಗರ ಕಾಲ್ತುಳಿತಕ್ಕೂ ಸಂಗ್ರಹಕಾರರ ಕೈಗೂ ಸಿಕ್ಕಿ ನಶಿಸುವ ಹಂತಕ್ಕೆ ಬಂದು, 1980ರಲ್ಲಿ ಅಮೆರಿಕ ಸರ್ಕಾರದ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು. ದಾರಿಯನ್ನೇ ಬೇರೆ ಕಡೆಗೆ ತಿರುಗಿಸಿದರು, ಬೆಳೆಸಿದ ಸಸಿಗಳನ್ನು ನೆಟ್ಟರು. 2002ರಲ್ಲಿ ಪಟ್ಟಿಯಿಂದ ಹೊರಗೆ ಬಂತು. ಅಲ್ಲಿಗೆ ಹೋದವರು ದಾರಿ ಬಿಟ್ಟು ಇಳಿಯಬೇಡಿ.

ಕಾಡಂಚು:
ಈಗಷ್ಟೇ ನೋಡಿ ಬಂದೆ. ಬೇರೆ ಬೇರೆ ಕಾಂಡಗಳಲ್ಲಿ ಎಣಿಸಿದೆ, ಎಲ್ಲದರಲ್ಲೂ ಮೊದಲ ಹೂವು ಎರಡನೇ ಎಲೆಯಿಂದಲೇ. ಹಲ್ಲುಗಳೂ ಮುಕ್ಕಾಲು ಭಾಗ ಇಳಿದಿವೆ. ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಪೊಟೆಂಟಿಲಾ ಸಿಂಪ್ಲೆಕ್ಸ್. ಗುಲಾಬಿಯ ಕುಟುಂಬ. ಕಾಂಡ ಬಾಗಿ, ನೆಲ ಮುಟ್ಟಿದ ತುದಿಯಲ್ಲಿ ಬೇರು ಬಿಟ್ಟು, ಒಂದೆಲಗದ ಹಾಗೆ ಹರಡುತ್ತದೆ. ಐದು ಕಿರುಎಲೆ, ಅಂಚಿನಲ್ಲಿ ಗರಗಸದ ಹಲ್ಲು. ಎಸಳು ಐದು, ಕೇಸರಗಳು ಹಲವು. ಹೂವಿನ ಕೆಳಗೆ ಹತ್ತು ಹಸಿರು ಎಸಳು ಕಾಣುತ್ತವೆ."

ಓಕ್‌ನೆರಳು:
ತುಂಬ ಚೆನ್ನಾಗಿದೆ ಅಕ್ಕಾ. ಆ ಹತ್ತನ್ನು ಬಿಡಿಸಿ ಬರೆಯಿರಿ: ಐದು ನಿಜವಾದ ಪುಷ್ಪಪತ್ರ, ಅವುಗಳ ನಡುನಡುವೆ ಇನ್ನೂ ಐದು ಸಣ್ಣವು. ಇದೇ ಥರ ಹಳದಿ ಹೂವು ಬಿಡುವ ಬಟರ್‌ಕಪ್ ಗಿಡದಲ್ಲಿ ಈ ಎರಡನೇ ಸುತ್ತು ಇರುವುದಿಲ್ಲ, ಅದರ ಎಸಳು ಮೆರುಗೆಣ್ಣೆ ಬಳಿದಂತೆ ಹೊಳೆಯುತ್ತದೆ. ಮಕ್ಕಳು ಜಾಸ್ತಿ ಗೊಂದಲಪಡುವುದು ಅಲ್ಲೇ. ಎಸಳು ಉದುರಿದ ಮೇಲೆ ಇನ್ನೊಮ್ಮೆ ನೋಡಿ, ಸಣ್ಣ ಒಣ ಕಾಯಿಗಳ ಗುಂಪು ಸಿಗುತ್ತದೆ. ಅದನ್ನೂ ಸೇರಿಸಿಬಿಡಿ.