ಒಣಗಿದ ಎಲೆಗೆ ಹಿಂದಿನಿಂದ ಬೆಳಕು: ಮಾಡಿ ನೋಡಿದವರು ಹೇಳಿ

ಕೇಳಿದ್ದು: ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿದ ಜರೀಗಿಡ, ಕರಿಬೇವು, ಅರಳಿ ಎಲೆ ನನ್ನ ಹತ್ತಿರ ಇವೆ. ಹಿಂದಿನಿಂದ ಬೆಳಕು ಬಿಟ್ಟು, ಒಂದೊಂದು ನರವೂ ಕಾಣೋ ಹಾಗೆ ಫೋಟೋ ತೆಗೀಬೇಕು ಅಂತ ಆಸೆ. ನಾನು ತೆಗೆದರೆ ಹಿನ್ನೆಲೆ ಬೂದು, ಎಲೆ ಕಪ್ಪು. ಎಲ್ಲಿ ತಪ್ಪುತ್ತಿದ್ದೇನೆ?

ಶಿರಸಿಯಿಂದ: ತಪ್ಪು ನಿಮ್ಮದಲ್ಲ ಅಕ್ಕ, ಕ್ಯಾಮೆರಾ ಲೆಕ್ಕದ್ದು. ಬಿಳಿ ಹಿನ್ನೆಲೆ ಕಂಡ ಕೂಡಲೇ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಅದು ಇಡೀ ಚಿತ್ರವನ್ನು ಮಂಕು ಮಾಡುತ್ತೆ. ಚಿತ್ರದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ +1ರಿಂದ +2ರ ನಡುವೆ ಇಟ್ಟು ನೋಡಿ. ಮೊಬೈಲ್ ಆದರೆ ಪರದೆಯಲ್ಲಿ ಎಲೆಯ ಮೇಲೆ ಬೆರಳಿಟ್ಟು, ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ.

ನಾನು ದೀಪವನ್ನೇ ಬಳಸಲ್ಲ. ನೇರ ಬಿಸಿಲು ಬೀಳದ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಅದರಿಂದ ಒಂದು ಗೇಣು ಈಚೆಗೆ ಗಾಜು ನಿಲ್ಲಿಸಿ, ಎಲೆಯನ್ನು ಆ ಗಾಜಿಗೆ ಹಚ್ಚುತ್ತೇನೆ. ಆ ಗೇಣು ಬಿಡಬೇಡಿ. ಎಲೆ ಪೇಪರಿಗೇ ಅಂಟಿದ್ದರೆ ಪೇಪರಿನ ನಾರೂ ಫೋಟೋದಲ್ಲಿ ಬರುತ್ತೆ. ನನಗೆ ತುಂಬ ತಡವಾಗಿ ಗೊತ್ತಾದದ್ದು ಇನ್ನೊಂದು: ಎಲೆಯ ಸುತ್ತ ಉಳಿದ ಬಿಳಿ ಜಾಗವನ್ನು ಕಪ್ಪು ಕಾಗದದಿಂದ ಮುಚ್ಚಬೇಕು. ಪಕ್ಕದಿಂದ ಲೆನ್ಸಿಗೆ ನುಗ್ಗುವ ಬೆಳಕೇ ನರಗಳನ್ನು ತೆಳುವಾಗಿಸೋದು. ಮುಚ್ಚಿ ತೆಗೆದ ಮೊದಲ ಚಿತ್ರ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕೋಣೆಯ ದೀಪ ಆರಿಸಿ, ಕಪ್ಪು ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮ ಬಿಂಬ ಬೀಳುತ್ತೆ.

ಮೈಸೂರಿನಿಂದ: ನನ್ನದು ಚಿತ್ರ ಬಿಡಿಸೋ ಮಕ್ಕಳು ಬಳಸುವ ಎಲ್‌ಇಡಿ ಪ್ಯಾಡ್. ಮೊದಲು ಚಿತ್ರದ ತುಂಬ ಅಡ್ಡ ಪಟ್ಟೆ ಬರ್ತಿತ್ತು. ಕಣ್ಣಿಗೆ ಕಾಣದಷ್ಟು ಬೇಗ ಬೆಳಕು ಮಿನುಗೋದೇ ಕಾರಣ. ಶಟರ್ ವೇಗ 1/250 ಸೆಕೆಂಡಿನಿಂದ 1/15ಕ್ಕೆ ಇಳಿಸಿದೆ, ಪಟ್ಟೆ ಹೋಯ್ತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/8, ಟ್ರೈಪಾಡ್, 2 ಸೆಕೆಂಡಿನ ಟೈಮರ್. ಫ್ಯಾನ್ ಮರೆಯದೆ ಆರಿಸಿ.

ಕರಿಬೇವು ಇದೆ ಅಂದಿರಲ್ಲ, ಅದನ್ನು ಮ್ಯಾಕ್ರೋದಲ್ಲಿ ಹತ್ತಿರದಿಂದ ತೆಗೀರಿ. ಕರಿಬೇವು, ನಿಂಬೆ, ಬಿಲ್ವ ಎಲ್ಲ ಒಂದೇ ಕುಟುಂಬ. ಎಲೆಯೊಳಗೆ ಎಣ್ಣೆಯ ಗ್ರಂಥಿಗಳಿರುತ್ತವೆ. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ಹೊಳೆಯುತ್ತವೆ. ಜರೀಗಿಡದಲ್ಲಿ ಇದರ ತದ್ವಿರುದ್ಧ: ಎಲೆಯಡಿಯ ಬೀಜಕಗಳ ಗುಂಪು ಕಪ್ಪು ಚುಕ್ಕೆಯಾಗಿ ನಿಲ್ಲುತ್ತೆ.

ಸಾಗರದಿಂದ: ಅರಳಿ ಎಲೆ ಹಾಗೇ ಒಣಗಿದ್ದರೆ ಬೆಳಕು ದಾಟೋದು ಕಷ್ಟ. ಬಲಿತ ಹಸಿ ಎಲೆಗಳನ್ನು ನೀರಲ್ಲಿ ಮೂರ್ನಾಲ್ಕು ವಾರ ನೆನೆಹಾಕಿ, ಆಗಾಗ ನೀರು ಬದಲಿಸಿ. ತಿರುಳು ಕೊಳೆತ ಮೇಲೆ ಮೆತ್ತನೆಯ ಬ್ರಷ್‌ನಿಂದ ತಟ್ಟಿ ತೊಳೆದರೆ ನರದ ಬಲೆ ಮಾತ್ರ ಉಳಿಯುತ್ತೆ. ಉಜ್ಜಬೇಡಿ, ಹರಿಯುತ್ತೆ. ಅವಸರ ಇದ್ದರೆ ಇದನ್ನು ಶುರು ಮಾಡಲೇಬೇಡಿ.

ಕೇಳಿದವರು: ಕಿಟಕಿ, ಗಾಜು, ಕಪ್ಪು ಕಾಗದ, +1.7. ಕರಿಬೇವಿನ ಚುಕ್ಕೆ ಕಂಡವು! ಅಮ್ಮನಿಗೂ ತೋರಿಸಿದೆ, ಇಷ್ಟು ವರ್ಷ ಒಗ್ಗರಣೆಗೆ ಹಾಕಿದ್ದರಲ್ಲಿ ಇದಿತ್ತಾ ಅಂದರು. ಅರಳಿ ಎಲೆ ಹಿತ್ತಲಿನ ಬಕೆಟ್‌ನಲ್ಲಿ ನೆನೆಯುತ್ತಿದೆ, ಇವತ್ತಿಗೆ ಆರನೇ ದಿನ.